ಬಾಯ್ತೆಗಿ ತಾತ ಮತ್ತು ಒಳಗೆ ಹೋದ ಹಲ್ಲು

ಬಾಯ್ತೆಗಿ ತಾತನಿಗೆ ಮನುಷ್ಯರ ಮುಖ ನೆನಪಿರುವುದಿಲ್ಲ, ಹಲ್ಲು ನೆನಪಿರುತ್ತದೆ. ಅಂಚೆ ಕಚೇರಿಯ ಕಿಟಕಿಯ ಹಿಂದೆ ಕೂತ ಮೀಸೆಯವನು "ಏನ್ ಬೇಕು?" ಎಂದು ಗದರಿದರೆ ತಾತ ಒಂದು ಗಳಿಗೆ ಅವನ ಬಾಯನ್ನೇ ನೋಡುತ್ತಾನೆ. ಆಮೇಲೆ ತಾತನ ಮುಖ ಅರಳುತ್ತದೆ. "ಓ, ನೀನಾ! ಮೂರು ವರ್ಷದವನಿದ್ದಾಗ ಉಯ್ಯಾಲೆ ಹಲಗೆ ಬಡಿದು ಮುಂದಿನ ಹಲ್ಲು ಅಲ್ಲಾಡ್ತಿತ್ತಲ್ಲ? ನನ್ನ ಹೆಬ್ಬೆರಳು ಕಚ್ಚಿದ್ದೆ, ನೋಡು, ಗುರುತು ಇನ್ನೂ ಇದೆ." ಹಿಂದೆ ಸಾಲಿನಲ್ಲಿ ನಿಂತವರೆಲ್ಲ ಕತ್ತು ಚಾಚಿ ಹೆಬ್ಬೆರಳು ನೋಡುತ್ತಾರೆ. ಮೀಸೆಯವನು ತುಟಿ ಬಿಗಿದುಕೊಂಡು, ಎಲ್ಲರಿಗಿಂತ ಮೊದಲು ತಾತನ ಕೆಲಸ ಮುಗಿಸಿ ಕಳಿಸುತ್ತಾನೆ. ತಾತ ಅದನ್ನು ಮರ್ಯಾದೆ ಎಂದುಕೊಂಡಿದ್ದಾನೆ.

ಮೂವತ್ತೆಂಟು ವರ್ಷದಿಂದ ಅವನು ಮೂಲೆಯ ಹಲ್ಲಿನ ದವಾಖಾನೆಯಲ್ಲಿ ಕಾಂಪೌಂಡರ್. ಮೊದಲು ದೊಡ್ಡ ಡಾಕ್ಟರ ಕೈಕೆಳಗೆ, ಈಗ ಅವರ ಮಗಳು ಡಾಕ್ಟರಮ್ಮನ ಕೈಕೆಳಗೆ. ಚೀಟಿ ಬರೆಯುವುದು, ಇಕ್ಕಳ ಕುದಿಸುವುದು, ಕುರ್ಚಿ ಒರೆಸುವುದು ಎಲ್ಲ ಅವನದೇ. ಆದರೆ ನಿಜವಾದ ಕೆಲಸ ಒಂದೇ: ಬಿದ್ದು ಹಲ್ಲಿಗೆ ಪೆಟ್ಟು ಮಾಡಿಕೊಂಡು ಬಂದ ಚಿಕ್ಕ ಮಕ್ಕಳ ಬಾಯಿ ತೆಗೆಸುವುದು. "ಬಾಯಿ ತೆಗಿ ಕಂದಾ, ಒಳಗೆ ಎಷ್ಟು ಜನ ಇದ್ದಾರೆ ಎಣಿಸ್ತೀನಿ" ಅಂತ ಶುರು ಮಾಡಿದನೆಂದರೆ ಎಂಥ ಹಟಮಾರಿಯೂ ಐದು ನಿಮಿಷದಲ್ಲಿ ಗಂಟಲು ತೋರಿಸಬೇಕು. ತಲೆ ಕಪ್ಪಗಿದ್ದಾಗ ಬಾಯ್ತೆಗಿ ಮಾಮ ಆಗಿದ್ದವನು, ಬೆಳ್ಳಗಾದ ಮೇಲೆ ಬಾಯ್ತೆಗಿ ತಾತನಾದ.

ಅವನದೊಂದು ಪದ್ಧತಿ ಇತ್ತು. ಮೊದಲು ಅಮ್ಮನಿಗೆ ಚಿಕಿತ್ಸೆ, ಆಮೇಲೆ ಮಗುವಿಗೆ. ಮಗು ಹತ್ತು ನಿಮಿಷಕ್ಕೆ ಮರೆಯುತ್ತದೆ, ಅಮ್ಮ ಆ ಮಗುವಿನ ಮದುವೆ ಆಗುವವರೆಗೂ ಮರೆಯುವುದಿಲ್ಲ ಎಂದು ಅವನ ಲೆಕ್ಕ. ಅಮ್ಮನನ್ನು ಕೂರಿಸಿ, ಒಂದು ಲೋಟ ನೀರು ಕುಡಿಸಿ, ಮೂರು ಪ್ರಶ್ನೆ ಕೇಳುತ್ತಿದ್ದ. ಎಲ್ಲಿ ಬಿತ್ತು? ಯಾವಾಗ ಬಿತ್ತು? ಹೇಗೆ ಬಿತ್ತು? ಮೊದಲೆರಡಕ್ಕೆ ಉತ್ತರ ಸರಾಗ. ಮೂರನೆಯದಕ್ಕೆ ಎಲ್ಲರೂ ಸುಳ್ಳು ಹೇಳುತ್ತಾರೆ. "ತಾನೇ ಬಿತ್ತು." "ನಾನು ಪಕ್ಕದಲ್ಲೇ ಇದ್ದೆ." ಒಬ್ಬ ಅಪ್ಪನಂತೂ ಬೀರುವೇ ಬಂದು ಮಗುವಿಗೆ ಗುದ್ದಿತು ಎಂದು ಆಣೆ ಮಾಡಿದ್ದ. ತಾತ ಬಿಡುತ್ತಿರಲಿಲ್ಲ. "ಪೆಟ್ಟು ಎಷ್ಟು ಜೋರು, ಯಾವ ಕಡೆಯಿಂದ, ಅದು ತಿಳೀದೆ ಡಾಕ್ಟರು ಏನ್ ನೋಡ್ಬೇಕು ಸ್ವಾಮಿ? ನಾಚಿಕೆ ಆಮೇಲೆ ಪಡಿ, ಈಗ ನಿಜ ಹೇಳಿ" ಎನ್ನುತ್ತಿದ್ದ. ಚೀಟಿಯಲ್ಲಿ 'ಹೇಗಾಯಿತು' ಎಂಬ ಸಾಲನ್ನು ನಿಜ ಸಿಗುವ ತನಕ ಖಾಲಿ ಬಿಡುತ್ತಿದ್ದ.

ಅವನ ಇನ್ನೊಂದು ಪಾಠ ಪಕ್ಕದ ಚಹಾದ ಅಂಗಡಿಯವನಿಗೂ ಬಾಯಿಪಾಠ. ದೊಡ್ಡ ಮಕ್ಕಳ ಹಲ್ಲು ಪೂರ್ತಿ ಕಿತ್ತು ಬಂದರೆ ಹಾಲಿನಲ್ಲಿ ಹಾಕಿಕೊಂಡು ಓಡಿ ಬನ್ನಿ, ಮತ್ತೆ ಕೂರಿಸಬಹುದು. ಪುಟ್ಟ ಮಕ್ಕಳದು ಕಿತ್ತು ಬಂದರೆ ಕೂರಿಸಲು ಹೋಗಲೇಬೇಡಿ, ಅದರ ಹಿಂದೆ ಬೆಳೆಯುತ್ತಿರುವ ಹೊಸ ಹಲ್ಲಿಗೆ ಏಟಾಗುತ್ತದೆ. ಹಾಲನ್ನು ಮಗುವಿಗೆ ಕುಡಿಸಿ, ಕೆಲಸಕ್ಕಾದರೂ ಬರುತ್ತದೆ.

ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ಒಂದು ಮಾತಿದೆ. ಮಾರಿ ಅನ್ನುವಷ್ಟು ಕೆಟ್ಟವನಲ್ಲ ತಾತ, ಆದರೆ ಮನೆಯಲ್ಲಿ ಅವನು ಇದ್ದದ್ದೇ ಕಡಿಮೆ. ಅವನ ಒಬ್ಬಳೇ ಮಗಳು ಅದನ್ನು ಒಮ್ಮೆ ಮುಖಕ್ಕೆ ಹೇಳಿಯೂ ಇದ್ದಳು. "ಊರ ಮಕ್ಕಳ ಬಾಯೆಲ್ಲ ನೋಡ್ದೆ. ನನ್ನ ಮುಖ ಯಾವತ್ತು ನೋಡ್ದೆ ಅಪ್ಪಾ?" ತಾತ ಅಂದು ದವಾಖಾನೆಗೆ ಹೊತ್ತಾಯಿತು ಎಂದು ಎದ್ದು ಹೋದ.

ಮಗಳು ಎರಡು ಬೀದಿ ಆಚೆ ಇದ್ದಳು. ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ಮೇಲ್ವಿಚಾರಕಿ. ಗಂಡ ದೂರದ ಬಸ್ಸಿನ ಚಾಲಕ, ವಾರಕ್ಕೆ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಅವರಿಗೆ ಮೂರೂವರೆ ವರ್ಷದ ಒಬ್ಬ ಮಗಳು. ಒಂದು ಕಡೆ ನಿಂತದ್ದನ್ನು ಯಾರೂ ಕಾಣದ್ದರಿಂದ ಅವಳಿಗೆ ಬುಗುರಿ ಎಂದೇ ಹೆಸರು. ಬುಗುರಿಯನ್ನು ಶಿಶುವಿಹಾರಕ್ಕೆ ಸೇರಿಸುವ ಮಾತು ಬಂದಾಗ ತಾತ ಗಂಟಲು ಸರಿಮಾಡಿಕೊಂಡು, ನಾನು ದವಾಖಾನೆಗೆ ಈಗ ಮೂರರಿಂದ ಏಳರ ತನಕ ಮಾತ್ರ ಹೋಗುವುದು, ಬೆಳಗಿನಿಂದ ಮೂರರ ತನಕ ನಾನೇ ನೋಡಿಕೊಳ್ಳುತ್ತೇನೆ ಎಂದ. ಹೆಂಡತಿ ಹೋದ ಮೇಲೆ ಅವನು ಮಗಳನ್ನು ಕೇಳಿಕೊಂಡ ಮೊದಲನೆಯ ವಿಷಯ ಅದು.

ಮಗಳು ಒಂದು ಷರತ್ತು ಹಾಕಿದಳು. "ಒಂದು ತಿಂಗಳು ನೋಡೋಣ. ಒಂದೇ ಒಂದು ಗಾಯ ಆಗ್ಲಿ, ಶಿಶುವಿಹಾರಕ್ಕೆ ಹಾಕ್ತೀನಿ. ಮತ್ತೆ ಆ ಸ್ಟೂಲ್ ಅವಳ ಕೈಗೆ ಸಿಗ್ಬಾರ್ದು."

ಆ ಸ್ಟೂಲ್ ಎಂದರೆ ದವಾಖಾನೆಯ ಹಳೆಯ ಸ್ಟೂಲ್. ದೊಡ್ಡ ಡಾಕ್ಟರು ಕೂತು ಹಲ್ಲು ಕೀಳುತ್ತಿದ್ದದ್ದು, ಗುಂಡಗಿನ ಸೀಟು, ಕೆಳಗೆ ಐದು ಚಕ್ರ. ಹೊಸದು ಬಂದಾಗ ತಾತ ಅದನ್ನು ಮನೆಗೆ ತಂದು, ಚಕ್ರಗಳಿಗೆ ಎಣ್ಣೆ ಬಿಟ್ಟು, ಹೊಸ ಅಳಿಯನಂತೆ ನೋಡಿಕೊಂಡಿದ್ದ. ನಡುಮನೆಯ ನುಣುಪು ನೆಲದ ಮೇಲೆ ಅದನ್ನು ಒಂದು ಬೆರಳಲ್ಲಿ ದೂಡಿದರೆ ಸಾಕು, ಅಡುಗೆಮನೆಯ ಹೊಸ್ತಿಲ ತನಕ ಹೋಗುತ್ತಿತ್ತು.

ಹದಿನೆಂಟು ದಿನ ಎಲ್ಲ ಚೆನ್ನಾಗಿ ನಡೆಯಿತು. ತಾತನಿಗೆ ಬೆಳಿಗ್ಗೆ ಏಳಕ್ಕೇ ಎದೆ ಹಗುರಾಗುತ್ತಿತ್ತು. ಏಳೂವರೆಗೆ ಮಗಳು ಬುಗುರಿಯನ್ನು ಬಾಗಿಲಲ್ಲಿ ಬಿಟ್ಟು "ಹುಷಾರು" ಎಂದು ಒಂದು ಮಾತು ಹೇಳಿ ಹೋಗುತ್ತಿದ್ದಳು. ಆ ಒಂದು ಮಾತಿಗೂ ತಾತ ಕಾಯುತ್ತಿದ್ದ. ಹತ್ತೊಂಬತ್ತನೆಯ ದಿನ ಬುಗುರಿ ಸ್ಟೂಲಿನ ಮೇಲೆ ಹೊದಿಸಿದ್ದ ಬೆಡ್‌ಶೀಟ್ ಎಳೆದು, "ತಾತ, ಬಸ್ಸು!" ಅಂದಳು. ಬೇಡ ಎಂದ. ಅಪ್ಪನ ಬಸ್ಸು ಬೇಕು ಎಂದು ಕಣ್ಣಲ್ಲಿ ನೀರು ತಂದಳು. ಒಂದೇ ಸಲ ಎಂದ. ಆಮೇಲೆ ಇನ್ನೊಂದು ಸಲ ಎಂದ. ಐದನೆಯ ಸಲಕ್ಕೆ ಬೇಕು ಎನ್ನುವ ಹುಡುಗಿ ಯಾರು, ಬೇಡ ಎನ್ನುವ ಮುದುಕ ಯಾರು ಎಂದು ಗೊತ್ತಾಗದ ಹಾಗೆ ಇಬ್ಬರೂ ಹಾರ್ನ್ ಹೊಡೆಯುತ್ತಿದ್ದರು. ಆರನೆಯ ಸಲ ಬಸ್ಸು ಹೊಸ್ತಿಲಿಗೆ ಬಡಿಯಿತು. ಬಸ್ಸು ನಿಂತಿತು, ಪ್ರಯಾಣಿಕಳು ನಿಲ್ಲಲಿಲ್ಲ.

ಎತ್ತಿಕೊಂಡು ನೋಡುತ್ತಾನೆ, ತುಟಿಯೆಲ್ಲ ರಕ್ತ. ಒದ್ದೆ ಬಟ್ಟೆ ಒತ್ತಿ ಹಿಡಿದು ಒಳಗೆ ಇಣುಕಿದರೆ, ಮೇಲಿನ ಸಾಲಿನ ನಡುವೆ ಒಂದು ಹಲ್ಲೇ ಇಲ್ಲ. ಬೇರೆಯವರ ಮನೆಯ ಮಗುವಾಗಿದ್ದರೆ ಅವನೇ ಹೇಳುತ್ತಿದ್ದ: ಗಾಬರಿ ಬೇಡ, ಹಲ್ಲು ಒಳಗೆ ಸರಿದಿರಲೂಬಹುದು, ಮೊದಲು ಕರೆದುಕೊಂಡು ಬನ್ನಿ. ಆದರೆ ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಮೂವತ್ತೆಂಟು ವರ್ಷದ ವಿದ್ಯೆಯೆಲ್ಲ ಕಿವಿಯಿಂದ ಸೋರಿಹೋಗಿ, ಒಂದೇ ಮಾತು ಉಳಿಯಿತು: ಹಲ್ಲು ಹುಡುಕಬೇಕು. ಹಲ್ಲು ಸಿಕ್ಕರೆ ಹೇಗಾದರೂ ಮಾಡಿ ಮಗಳು ಬರುವುದರೊಳಗೆ ಬಾಯೊಳಗೆ ಇಡಿಸಿಬಿಡಬೇಕು.

ಕನ್ನಡಕ ಎಲ್ಲಿ ಬಿತ್ತೋ ಅದೂ ಕಾಣುತ್ತಿಲ್ಲ. ತಾತ ಅಂಬೆಗಾಲಿಕ್ಕಿ ಮೇಜಿನ ಕೆಳಗೆ ಹೋದ, ಪಾತ್ರೆಯ ಗೂಡಿನ ಕೆಳಗೆ ಹೋದ. ಬುಗುರಿ ಐದು ನಿಮಿಷ ಅತ್ತು, ಇದು ಹೊಸ ಆಟ ಎಂದು ತಿಳಿದು, ಊದಿದ ತುಟಿಯಲ್ಲೇ ಅವನ ಪಕ್ಕ ಅಂಬೆಗಾಲಿಕ್ಕಿದಳು. ಒಂದು ಹೇರ್‌ಪಿನ್ ತಂದುಕೊಟ್ಟಳು. ಒಂದು ಅಂಗಿ ಗುಂಡಿ ತಂದುಕೊಟ್ಟಳು. ಕೊನೆಗೆ ಗೂಡಿನ ಹಿಂದಿನಿಂದ "ತಾತಾ, ಹಲ್ಲು!" ಎಂದು ಕೂಗಿದಳು. ಬೆಳ್ಳಗೆ, ಪುಟ್ಟದಾಗಿ, ಒಂದು ತುದಿ ಚೂಪಾಗಿ. ತಾತ ಅದನ್ನು ಲೋಟದ ಹಾಲಿಗೆ ಹಾಕಿ, ಬುಗುರಿಯನ್ನು ಸೊಂಟಕ್ಕೇರಿಸಿ, ಬೀದಿಯಲ್ಲಿ ಓಡಿದ. ಚಹಾದ ಅಂಗಡಿಯವನು ಸೊಂಟದ ಮೇಲಿನ ಮಗುವನ್ನೂ ಲೋಟವನ್ನೂ ನೋಡಿ, "ಪುಟ್ಟ ಮಕ್ಕಳದಕ್ಕೆ ಹಾಲು ಬೇಡ ಅಂತೀರಲ್ಲ!" ಎಂದು ಕೂಗಿದ. ತಾತ ಜನ್ಮದಲ್ಲಿ ಯಾರಿಗೂ ಬಯ್ಯದ ಬೈಗುಳ ಒಂದನ್ನು ಅವನಿಗೆ ಬಯ್ದ.

ದವಾಖಾನೆಯ ಮೇಲಿನ ಮನೆಯಲ್ಲೇ ಡಾಕ್ಟರಮ್ಮ ಇರುವುದು. ಕೂಗಿಗೆ ಇಳಿದು ಬಂದವರು ಮೊದಲು ತಾತನ ಮುಖ ನೋಡಿದರು. ಅರ್ಧ ಹಾಲು ಅವನ ಅಂಗಿಯ ಮೇಲೆ ಇತ್ತು.

"ಕಾಂಪೌಂಡರೇ, ಮೊದಲು ನೀವು ಕೂತ್ಕೊಳ್ಳಿ."

"ನನಗೇನೂ ಆಗಿಲ್ಲ ಡಾಕ್ಟರಮ್ಮ, ಮಗುವಿಗೆ..."

"ಕೂತ್ಕೊಳ್ಳಿ. ನೀರು ಕುಡೀರಿ." ಅವರು ನೀರು ಕೊಟ್ಟು, ಲೋಟದಿಂದ ಚಿಮಟದಲ್ಲಿ ಆ ಹಲ್ಲನ್ನು ಎತ್ತಿ ಬೆಳಕಿಗೆ ಹಿಡಿದರು. ಮೂಗಿನ ಹತ್ತಿರ ತಂದರು. "ಇದಕ್ಕೆ ಬೇರಿಲ್ಲ, ಸಿಪ್ಪೆ ಇದೆ. ಬೆಳ್ಳುಳ್ಳಿ ಕಾಂಪೌಂಡರೇ."

ತಾತನಿಗೆ ಕೂತಲ್ಲೇ ಭೂಮಿ ಬಾಯಿಬಿಟ್ಟರೆ ಸಾಕು ಅನ್ನಿಸಿತು. ಬುಗುರಿ ಮಾತ್ರ ತನ್ನದು ಬೆಳ್ಳುಳ್ಳಿ ಹಲ್ಲು ಎಂದು ಹೆಮ್ಮೆಯಿಂದ ಒಪ್ಪಿಕೊಂಡು, ಕುರ್ಚಿ ಹತ್ತಿ ತಾನಾಗಿಯೇ ಬಾಯಿ ತೆಗೆದಳು. ತಾತನ ತೊಡೆಯ ಮೇಲೆ ಕೂರಿಸಿ, ಇಬ್ಬರ ಮೇಲೂ ಭಾರದ ಸೀಸದ ಹೊದಿಕೆ ಹಾಕಿ, ಎಕ್ಸ್‌ರೇ ತೆಗೆದದ್ದಾಯಿತು.

"ಹಲ್ಲು ಎಲ್ಲೂ ಹೋಗಿಲ್ಲ" ಎಂದರು ಡಾಕ್ಟರಮ್ಮ. "ಮೊಳೆ ಹೊಡೆದ ಹಾಗೆ ಮೇಲಕ್ಕೆ ಒಸಡಿನೊಳಗೆ ಹೋಗಿ ಕೂತಿದೆ. ಬೇರು ತುಟಿ ಕಡೆ ವಾಲಿದೆ, ಒಳಗಿನ ಹೊಸ ಹಲ್ಲಿಗೆ ತಾಗಿದ ಹಾಗೆ ಕಾಣಲ್ಲ. ನಾವು ಎಳೆಯೋದು ಬೇಡ, ತಾನಾಗೇ ಇಳಿದು ಬರುತ್ತೆ. ಮೂರು ತಿಂಗಳಾಗಬಹುದು, ಆರೂ ಆಗಬಹುದು. ಬಣ್ಣ ಸ್ವಲ್ಪ ಬೂದು ತಿರುಗಬಹುದು. ಇದನ್ನೆಲ್ಲ ನಿಮಗೇ ಹೇಳ್ತಿದ್ದೀನಲ್ಲ ನಾನು!"

"ಹೇಳಿ, ಹೇಳಿ" ಅಂದ ತಾತ. "ನನಗೆ ಏನೂ ನೆನಪಿಲ್ಲ."

ಚೀಟಿ ಬರೆಯುವುದು ಮಾತ್ರ ಅವನ ಕೆಲಸವೇ. 'ಹೇಗಾಯಿತು' ಎಂಬ ಸಾಲಿಗೆ ಬಂದಾಗ ಪೆನ್ನು ನಿಂತಿತು. ಈ ಚೀಟಿ ಸಂಜೆ ಮಗಳ ಕೈಗೆ ಹೋಗುತ್ತದೆ. 'ಆಡುವಾಗ ತಾನೇ ಜಾರಿ ಬಿದ್ದದ್ದು' ಎಂದು ದುಂಡಾಗಿ ಬರೆದ. ಡಾಕ್ಟರಮ್ಮ ಅದನ್ನು ಓದಿ, ಎಕ್ಸ್‌ರೇಯನ್ನು ಅವನ ಮುಂದೆ ಇಟ್ಟರು. ಜಾರಿ ಬಿದ್ದ ಮಗುವಿನ ಹಲ್ಲು ಹೀಗೆ ಪೂರ್ತಿ ಮೇಲಕ್ಕೆ ಹೋಗುವುದಿಲ್ಲ, ವೇಗ ಇರಬೇಕು. ಅದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬೀರು ಬಂದು ಗುದ್ದಿತು ಎಂದ ಅಪ್ಪನ ಮುಖ ಅವನ ಕಣ್ಣ ಮುಂದೆ ಬಂತು, ಪಾಪ, ಆ ಮನುಷ್ಯನನ್ನು ಎಷ್ಟು ಗೋಳಾಡಿಸಿದ್ದೆ ಎಂದುಕೊಂಡ. ಆಮೇಲೆ ಬರೆದದ್ದನ್ನು ಹೊಡೆದುಹಾಕಿ, ಕೆಳಗೆ ಬರೆದ: 'ಚಕ್ರದ ಸ್ಟೂಲಿನ ಮೇಲೆ ಕೂರಿಸಿ ತಾತ ಜೋರಾಗಿ ತಳ್ಳಿದ್ದರಿಂದ, ಹೊಸ್ತಿಲಿಗೆ ಬಡಿದು, ಮುಖ ಅಡಿಯಾಗಿ ಬಿದ್ದದ್ದು.'

ಮಗಳು ಸುದ್ದಿ ಕೇಳಿ ಕಾರ್ಖಾನೆಯಿಂದ ನೇರ ಬಂದಳು. ಬುಗುರಿಯನ್ನು ಅಪ್ಪಿಕೊಂಡು, ತುಟಿ ಮುಟ್ಟಿ ನೋಡಿ, ಡಾಕ್ಟರಮ್ಮನ ಮಾತು ಪೂರ್ತಿ ಕೇಳಿದಳು. ಆಮೇಲೆ ಚೀಟಿ ಓದಿದಳು. ಎರಡು ಸಲ ಓದಿದಳು.

"ಸ್ಟೂಲ್ ಬೇಡ ಅಂದಿದ್ದೆ ತಾನೆ?"

"ಅಂದಿದ್ದೆ ಕಣಮ್ಮ."

"ಎಷ್ಟು ಸಲ ತಳ್ದೆ?"

"ಆರು."

ಮಗಳು ಚೀಟಿ ಮಡಚಿದಳು. "ಸೋಮವಾರದಿಂದ ಶಿಶುವಿಹಾರ" ಎಂದಳು. ಕೂಗಾಡಿದ್ದರೆ ತಾತನಿಗೆ ಎಷ್ಟೋ ಸಮಾಧಾನ ಆಗುತ್ತಿತ್ತು. ಮಾಡಿದ್ದುಣ್ಣೋ ಮಹಾರಾಯ ಎಂದು ತನಗೆ ತಾನೇ ಹೇಳಿಕೊಂಡು, ಅವನು ಮನೆಗೆ ಬಂದು ಸ್ಟೂಲನ್ನು ಗುಜರಿಯವನಿಗೆ ಕೊಟ್ಟುಬಿಟ್ಟ. ಕನ್ನಡಕ ಅದರ ಚಕ್ರದಡಿಯಲ್ಲೇ ಇತ್ತು, ಒಂದು ಗಾಜು ಒಡೆದಿತ್ತು.

ಆದರೆ ಡಾಕ್ಟರಮ್ಮ ಇನ್ನೊಂದು ಮಾತು ಹೇಳಿದ್ದರು. ಒಂದು ವಾರ ದಿನಕ್ಕೆ ಎರಡು ಸಲ ಔಷಧದಲ್ಲಿ ಅದ್ದಿದ ಹತ್ತಿಯಿಂದ ಒಸಡು ಒರೆಸಬೇಕು. ಮೆತ್ತಗಿನ ಅನ್ನ, ಗಂಜಿ ಮಾತ್ರ. ಆಮೇಲೆ ಹಲ್ಲು ಇಳಿಯುವ ತನಕ ಮೃದು ಬ್ರಷ್, ಮತ್ತು ಪ್ರತಿ ಸಂಜೆ ಒಸಡಿನ ಮೇಲೆ ಕೀವಿನ ಗುಳ್ಳೆ ಎದ್ದಿದೆಯೇ ಎಂದು ನೋಡಬೇಕು. ಇಷ್ಟು ಚಿಕ್ಕ ಮಗುವಿನ ಬಾಯಿಯನ್ನು ಒಬ್ಬರೇ ನೋಡಲು ಆಗುವುದಿಲ್ಲ. ಇಬ್ಬರು ಎದುರುಬದುರಾಗಿ, ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರಬೇಕು. ಎರಡು ತೊಡೆಗಳ ತೊಟ್ಟಿಲಲ್ಲಿ ಮಗುವನ್ನು ಅಂಗಾತ ಮಲಗಿಸಿ, ತಲೆ ಇರುವ ಕಡೆಯವರು ಒರೆಸಬೇಕು, ಕಾಲಿನ ಕಡೆಯವರು ಕೈ ಹಿಡಿದುಕೊಳ್ಳಬೇಕು.

ಗಂಡ ಬಸ್ಸಿನ ಮೇಲೆ. ಮಗಳು ಮೊದಲನೆಯ ಸಂಜೆ ಒಬ್ಬಳೇ ಪ್ರಯತ್ನಿಸಿದಳು. ಬುಗುರಿ ಹತ್ತಿಯನ್ನು ಕಚ್ಚಿ ನುಂಗಲು ನೋಡಿದಳು, ಔಷಧದ ಬಾಟಲಿ ಉರುಳಿಸಿದಳು, ಆಮೇಲೆ ಬಾಯಿಗೆ ಬೀಗ ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ ತಾತನ ಬಾಗಿಲು ಬಡಿದ ಸದ್ದಾಯಿತು. ಮಗಳು ಮಗುವನ್ನು ಎತ್ತಿಕೊಂಡು ನಿಂತಿದ್ದಳು, ಸೆರಗಿನ ತುಂಬ ಔಷಧದ ಕಲೆ.

"ಒಂದು ಕುರ್ಚಿ ಹಾಕು" ಅಂದಳು. "ಬೇರೆ ಮಾತು ಬೇಡ."

ತಾತ ಎರಡು ಕುರ್ಚಿ ಹಾಕಿದ. ಹೀಗೆ ಆ ವಾರ ದಿನಕ್ಕೆ ಎರಡು ಸಲ, ಆಮೇಲೆ ಪ್ರತಿ ಸಂಜೆ ಏಳೂವರೆಗೆ, ಅಪ್ಪ ಮಗಳು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರು. ಒಂದು ದಿನ ಅವನು ಒರೆಸಿದರೆ, ಒಂದು ದಿನ ಅವಳು. ಮೊದಮೊದಲು "ಕೈ ಹಿಡಿ", "ಬೆಳಕಿಗೆ ಅಡ್ಡ ಬರ್ಬೇಡ" ಇಷ್ಟೇ ಮಾತು. ಬೆಳಿಗ್ಗೆ ಏಳೂವರೆಗೆ ಬಾಗಿಲು ಬಡಿಯುವುದು ನಿಂತುಹೋಗಿತ್ತು, ತಾತನ ಪಾಲಿಗೆ ದಿನದಲ್ಲಿ ಉಳಿದದ್ದು ಈ ಹದಿನೈದು ನಿಮಿಷ ಮಾತ್ರ. ಅದನ್ನು ಎಳೆಯಲು ಅವನು ಮಾಡದ ಕಸರತ್ತಿಲ್ಲ. ಹಿಂದಿನ ದವಡೆ ಹಲ್ಲು ಒಮ್ಮೆ ನೋಡಿಬಿಡೋಣ ಎನ್ನುತ್ತಿದ್ದ. ನಾಲಿಗೆ ಸ್ವಲ್ಪ ಬೆಳ್ಳಗಿದೆ ಎನ್ನುತ್ತಿದ್ದ. ಬುಗುರಿ ತನ್ನ ಬಾಯಿಯೊಳಗೆ ಎಷ್ಟು ಜನ ಇದ್ದಾರೆ ಎಂದು ದಿನವೂ ಮೊದಲಿನಿಂದ ಎಣಿಸಬೇಕು ಎಂದು ಹಟ ಹಿಡಿದಾಗ, ಬೇಕೆಂದೇ ಲೆಕ್ಕ ತಪ್ಪಿಸಿ ಮತ್ತೆ ಶುರು ಮಾಡುತ್ತಿದ್ದ.

ಎರಡನೆಯ ತಿಂಗಳಿಗೆ ಮಗಳು ನಡುನಡುವೆ ಮಾತಾಡತೊಡಗಿದಳು. ಕಾರ್ಖಾನೆಯಲ್ಲಿ ಒಂದು ಯಂತ್ರ ಎಡ ತೋಳನ್ನೇ ಎರಡು ಸಲ ಹೊಲಿದು, ಒಂದು ರಾಶಿ ಅಂಗಿಗಳಿಗೆ ಬಲ ತೋಳೇ ಇಲ್ಲವಾದ ಕಥೆ ಹೇಳಿದಳು. ತಾತ ಬೀರುವಿನ ಕಥೆ ಹೇಳಿದ. ಅವಳು ನಕ್ಕಳು, ನಗುವಾಗ ತೊಡೆ ಅಲುಗಿ ಬುಗುರಿಯೂ ನಕ್ಕಳು. ಒಂದು ಸಂಜೆ ಬ್ರಷ್ ತೊಳೆಯುತ್ತಾ, ತಿರುಗಿ ನೋಡದೆ ಹೇಳಿದಳು.

"ಚಿಕ್ಕವಳಿದ್ದಾಗ ನನಗೆ ಯಾವಾಗಲೂ ಹಲ್ಲು ನೋವು ಇರ್ತಿತ್ತಲ್ಲ ಅಪ್ಪ, ನೆನಪಿದೆಯಾ?"

"ನೆನಪಿಲ್ಲದೆ? ಹಲ್ಲಲ್ಲಿ ಒಂದು ಹುಳುಕೂ ಇರ್ಲಿಲ್ಲ. ನೋವು ಮಾತ್ರ ವಾರಕ್ಕೊಂದು ಸಲ."

"ನೋವು ಇರ್ಲಿಲ್ಲ. ದವಾಖಾನೆಗೆ ಕರ್ಕೊಂಡು ಹೋಗ್ತೀಯ ಅಂತ ಹೇಳ್ತಿದ್ದೆ. ನನ್ನನ್ನೂ ಕುರ್ಚಿ ಮೇಲೆ ಕೂರಿಸಿ ಎಣಿಸ್ಲಿ ಅಂತ. ನೀನು ಹತ್ತೀಲಿ ಲವಂಗದ ಎಣ್ಣೆ ಹಚ್ಚಿ ಮನೇಲೇ ಬಿಟ್ಟು ಹೋಗ್ತಿದ್ದೆ."

ಬಂದವರೆಲ್ಲರ ಸುಳ್ಳನ್ನು ಗಳಿಗೆಯಲ್ಲಿ ಹಿಡಿದವನು, ಮನೆಯೊಳಗಿನ ಈ ಒಂದು ಸುಳ್ಳನ್ನು ಹಿಡಿದಿರಲಿಲ್ಲ. "ತಪ್ಪಾಯ್ತು ಕಣಮ್ಮ" ಅಂದ. ಅವಳು "ಹೂಂ" ಅಂದಳು. ಮಾರನೆಯ ಸಂಜೆ ಏಳೂವರೆಗೆ ಹದಿನೈದು ನಿಮಿಷ ಮೊದಲೇ ಬಂದಳು.

ಹದಿನಾಲ್ಕನೆಯ ವಾರದ ಒಂದು ಗುರುವಾರ ತಾತನ ಸರದಿ. ತುಟಿ ಎತ್ತಿದವನ ಕೈ ಹಾಗೇ ನಿಂತಿತು. ಒಸಡಿನ ನಡುವೆ ಅಕ್ಕಿ ನುಚ್ಚಿನಷ್ಟು ಬೆಳ್ಳಗೆ, ಹಲ್ಲಿನ ತುದಿ. ಕೂಗಿಬಿಡಬೇಕು ಅನ್ನಿಸಿತು. ಕೂಗಿದರೆ ಏನಾಗುತ್ತದೆ ಎಂದೂ ಅನ್ನಿಸಿತು. ಹಲ್ಲು ಬಂತು ಎಂದರೆ ಡಾಕ್ಟರಮ್ಮ ಸಾಕು ಎನ್ನುತ್ತಾರೆ, ಎರಡು ಕುರ್ಚಿ ಗೋಡೆಗೆ ಸೇರುತ್ತವೆ. "ಏನಾದ್ರೂ ಕಾಣ್ತಿದೆಯಾ?" ಎಂದಳು ಮಗಳು. "ಇನ್ನೂ ಇಲ್ಲ" ಎಂದ ತಾತ, ಈ ವಯಸ್ಸಿನಲ್ಲಿ, ಒಂದು ಮಗುವಿನ ಬಾಯಿಯ ಮುಂದೆ. ಶುಕ್ರವಾರ ಮಗಳ ಸರದಿ, ಅವಳು ಏನೂ ಅನ್ನಲಿಲ್ಲ. ಸದ್ಯ ಕಂಡಿಲ್ಲ ಎಂದು ತಾತ ಉಸಿರು ಬಿಟ್ಟ. ಶನಿವಾರ ಮತ್ತೆ ಸುಳ್ಳು ಹೇಳಿದ, ರಾತ್ರಿ ಊಟ ಸೇರಲಿಲ್ಲ.

ಭಾನುವಾರ ಬುಗುರಿ ಇಬ್ಬರ ತೊಡೆಯ ಮೇಲೆ ಮಲಗಿ, ನಾಲಿಗೆಯಲ್ಲಿ ಒಸಡು ಸವರಿ, "ಇಲ್ಲಿ ಒಬ್ಬ ಜಾಸ್ತಿ ಇದ್ದಾನೆ" ಅಂದಳು.

ಮಗಳು "ಹೌದಾ?" ಎಂದಳು. ತಾತ "ಅರೆ, ಹೌದಾ!" ಎಂದ. ಇಬ್ಬರೂ ಬಗ್ಗಿ ನೋಡಿದರು, ಇಬ್ಬರಿಗೂ ಅಚ್ಚರಿ ನಟಿಸಲು ಬರಲಿಲ್ಲ. ತಾತನಿಗೆ ಇನ್ನು ತಡೆಯಲಾಗಲಿಲ್ಲ.

"ನಾನು ಗುರುವಾರವೇ ನೋಡಿದ್ದೆ ಕಣಮ್ಮ. ಹೇಳ್ಲಿಲ್ಲ. ಹೇಳಿದ್ರೆ ನೀನು ಬರೋದು ನಿಂತುಹೋಗುತ್ತೆ ಅಂತ."

ಮಗಳು ಬುಗುರಿಯ ಕೂದಲು ಸರಿಮಾಡಿದಳು. ಮೊಣಕಾಲು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ನಾನು ಬುಧವಾರವೇ ನೋಡಿದ್ದೆ ಅಪ್ಪ" ಅಂದಳು. ಆಮೇಲೆ, "ನಾಳೆ ಬೆಳಿಗ್ಗೆ ಏಳೂವರೆಗೆ ಇವಳನ್ನ ಇಲ್ಲಿ ಬಿಡ್ತೀನಿ. ಸಂಜೆ ನಾನೂ ಬರ್ತೀನಿ, ಸುಮ್ನೆ."

ತಾತ ಹೂಂ ಅಂದ. ಅವರು ಹೋದ ಮೇಲೂ ಎರಡು ಕುರ್ಚಿಯನ್ನು ಗೋಡೆಗೆ ಸರಿಸಲಿಲ್ಲ.